ವಾಷಿಂಗ್ ಮೆಷಿನ್, ಡ್ರೈಯರ್: ದಾವಣಗೆರೆ–ಚಿತ್ರದುರ್ಗದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮನೆ ಕಟ್ಟಿದವರು, ಮಗಳ ಮದುವೆ ಇಟ್ಟುಕೊಂಡವರು, ಇದ್ದ ಮೆಷಿನ್ ಕೆಟ್ಟು ಬಕೆಟ್‌ಗೆ ಮರಳಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮೆಷಿನ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಮನೆಗೆ ಬರುವ ನೀರು, ಟ್ಯಾಂಕಿನ ಎತ್ತರ ಮತ್ತು ರಿಪೇರಿಯವರು ಎಷ್ಟು ಹತ್ತಿರ ಇದ್ದಾರೆ ಅನ್ನುವುದರ ಮೇಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಹೇಳುವ ಸಲಹೆ ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ.

## ತಗೊಳ್ಳೋ ಮೊದಲು

ಸೆಮಿ, ಟಾಪ್ ಲೋಡ್, ಫ್ರಂಟ್ ಲೋಡ್ ಅಂತಾರಲ್ರೀ, ನಮ್ಮಂಥ ಮನೆಗೆ ಯಾವುದು ಸರಿ ಹೋಗುತ್ತೆ?

ಸೆಮಿ ಆಟೋಮ್ಯಾಟಿಕ್‌ನಲ್ಲಿ ಎರಡು ಟಬ್. ಒಂದು ಒಗೆಯುತ್ತದೆ. ಬಟ್ಟೆಯನ್ನು ಕೈಯಲ್ಲಿ ಎತ್ತಿ ಪಕ್ಕದ್ದಕ್ಕೆ ಹಾಕಿದರೆ ಅದು ಹಿಂಡುತ್ತದೆ. ನಲ್ಲಿ ಇಲ್ಲದಿದ್ದರೂ ಬಕೆಟ್‌ನಲ್ಲಿ ನೀರು ಸುರಿದು ನಡೆಸಬಹುದು. ಬಿಳಿ ಬಟ್ಟೆ ಒಗೆದ ಸೋಪಿನ ನೀರಿಗೇ ಬಣ್ಣದ ಬಟ್ಟೆ ಹಾಕಬಹುದು. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುವ, ಸಂಪಿನಿಂದ ಅಳೆದು ಬಳಸುವ ಮನೆಗಳಲ್ಲಿ ಇದು ಇಂದಿಗೂ ಉಳಿದಿರುವುದು ಇದಕ್ಕೇ. ಬೆಲೆಯೂ ಕಮ್ಮಿ, ಸುಮಾರು 9ರಿಂದ 14 ಸಾವಿರ. ಆದರೆ ಒಬ್ಬರು ಹತ್ತಿರವೇ ನಿಂತಿರಬೇಕು. ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಸೊಂಟ ನೋವು ಇದ್ದರೆ ಇದನ್ನು ತರಬೇಡಿ. ನೆಂದ ಬಟ್ಟೆಯ ಭಾರ ಎತ್ತುವವರಿಗೇ ಗೊತ್ತು.

ಟಾಪ್ ಲೋಡ್ ಪೂರ್ತಿ ಆಟೋಮ್ಯಾಟಿಕ್. ಮೇಲಿನಿಂದ ಬಟ್ಟೆ ಹಾಕಿ ಬಟನ್ ಒತ್ತಿದರೆ ಮುಗಿಯಿತು. ಶುರುವಾದ ಮೇಲೆ ಕರ್ಚೀಫ್ ನೆನಪಾದರೂ ನಿಲ್ಲಿಸಿ ಹಾಕಬಹುದು. ನೀರು ಜಾಸ್ತಿ ಬೇಕು, ಬೆಲೆ 15ರಿಂದ 25 ಸಾವಿರ.

ಫ್ರಂಟ್ ಲೋಡ್ ಚೆನ್ನಾಗಿ ಒಗೆಯುತ್ತದೆ, ಬಟ್ಟೆ ಸವೆಯುವುದು ಕಡಿಮೆ, ನೀರು ಅರ್ಧಕ್ಕೆ ಇಳಿಯುತ್ತದೆ, ಒಳಗೇ ಹೀಟರ್ ಇರುತ್ತದೆ. 27 ಸಾವಿರದಿಂದ ಮೇಲೆ. ಆದರೆ ಇದಕ್ಕೆ ನೀರಿನ ಒತ್ತಡ, ಸರಿಯಾದ ಪುಡಿ, 16 ಆಂಪ್ಸ್ ಪ್ಲಗ್, ತಿಂಗಳ ಕ್ಲೀನಿಂಗ್ ಎಲ್ಲವೂ ಬೇಕು.

ನನ್ನನ್ನು ಕೇಳಿದರೆ, ಈ ಎರಡು ಜಿಲ್ಲೆಯ ಹೆಚ್ಚಿನ ಮನೆಗಳಿಗೆ ಒಳ್ಳೆಯ ಟಾಪ್ ಲೋಡ್ ಸಾಕು. ನದಿ ನೀರು ಬರುವ, ಟ್ಯಾಂಕ್ ಎತ್ತರದಲ್ಲಿರುವ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ ಆದರೆ ಫ್ರಂಟ್ ಲೋಡ್‌ಗೆ ಹಾಕಿದ ದುಡ್ಡು ವ್ಯರ್ಥ ಆಗುವುದಿಲ್ಲ.

ನಾವು ಮನೇಲಿ ಐದು ಜನ. ಎಷ್ಟು ಕೆಜಿದು ತಗೋಬೇಕು?

ಅಂಗಡಿಯವರು ಹೇಳುವ ಕೆಜಿ ಒಣ ಬಟ್ಟೆಯ ತೂಕ. ಒಂದು ಜೀನ್ಸ್ ಪ್ಯಾಂಟ್ 600–700 ಗ್ರಾಂ, ಶರ್ಟ್ 200–250 ಗ್ರಾಂ, ಸ್ನಾನದ ದಪ್ಪ ಟವೆಲ್ ಅರ್ಧ ಕೆಜಿ, ಡಬಲ್ ಬೆಡ್‌ಶೀಟ್ ಮುಕ್ಕಾಲು ಕೆಜಿ ಆಸುಪಾಸು. ಐದು ಜನರ ಎರಡು ದಿನದ ಬಟ್ಟೆ ಸೇರಿದರೆ ಸುಮಾರು 5ರಿಂದ 6 ಕೆಜಿ. ಡ್ರಮ್ ಕತ್ತಿನವರೆಗೆ ತುರುಕಿದರೆ ಬಟ್ಟೆ ಹೊರಳುವುದಿಲ್ಲ, ಕೊಳೆ ಹೋಗುವುದಿಲ್ಲ. ಹಾಗಾಗಿ ಐದು ಜನಕ್ಕೆ 7.5 ಅಥವಾ 8 ಕೆಜಿ ತಗೊಳ್ಳಿ. ಮೂರು ಜನಕ್ಕೆ 6.5 ಸಾಕು.

ಸಣ್ಣ ಮಕ್ಕಳಿದ್ದರೆ, ಅಥವಾ ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದು ನಾಲ್ಕು ದಿನ ಉಳಿಯುವ ಮನೆ ನಿಮ್ಮದಾದರೆ ಒಂದು ಕೆಜಿ ಮೇಲಕ್ಕೆ ಹೋಗಿ. 10–11 ಕೆಜಿಯದು ತಂದು ದಿನಾ ನಾಲ್ಕು ಬಟ್ಟೆ ಹಾಕುವುದು ಸುಮ್ನೆ ನೀರಿಗೆ ದಂಡ.

ಯಾವ ಕಂಪನಿ ಒಳ್ಳೇದು? ಸುತ್ತಿ ಬಳಸಿ ಹೇಳಬೇಡಿ, ಒಂದು ಹೆಸರು ಹೇಳಿ.

ಒಂದು ಹೆಸರು ಹೇಳಿದರೆ ನಿಮಗೆ ಉಪಯೋಗ ಇಲ್ಲ. ಎಲ್‌ಜಿ, ಸ್ಯಾಮ್ಸಂಗ್, ಐಎಫ್‌ಬಿ, ಬಾಷ್, ವರ್ಲ್‌ಪೂಲ್, ಗೋದ್ರೆಜ್, ಹಾಯರ್, ಎಲ್ಲದರಲ್ಲೂ ಒಳ್ಳೆಯ ಮಾಡೆಲ್ ಇದೆ, ಸುಮಾರಾದ್ದೂ ಇದೆ. ಒಂದೇ ಕಂಪನಿಯ 16 ಸಾವಿರದ ಮೆಷಿನ್ನಿಗೂ 35 ಸಾವಿರದ್ದಕ್ಕೂ ಹೆಸರು ಬಿಟ್ಟರೆ ಹೆಚ್ಚು ನಂಟಿಲ್ಲ.

ಕೊಳ್ಳುವ ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಒಂದು ಫೋನ್ ಮಾಡಿ. ನಿಮ್ಮ ಪಿನ್‌ಕೋಡ್ ಕೊಟ್ಟು, ಟೆಕ್ನಿಷಿಯನ್ ಯಾವ ಊರಿನಿಂದ ಬರುತ್ತಾರೆ, ಪಾರ್ಟ್ ಎಲ್ಲಿಂದ ತರಿಸುತ್ತಾರೆ ಅಂತ ಕೇಳಿ. ದಾವಣಗೆರೆ ಸಿಟಿಯೊಳಗೆ ದೊಡ್ಡ ಕಂಪನಿಗಳವರು ಬೇಗ ಸಿಗುತ್ತಾರೆ. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆಯವರಿಗೆ ಕತೆ ಬೇರೆ. ಅಲ್ಲಿಗೆ ಬರಲು ಟೆಕ್ನಿಷಿಯನ್ ಆ ದಿಕ್ಕಿನ ನಾಲ್ಕು ಕಂಪ್ಲೇಂಟ್ ಸೇರುವವರೆಗೆ ಕಾಯುತ್ತಾನೆ. ಆಮೇಲೆ ನಿಮ್ಮ ಬೀದಿಯಲ್ಲಿ ಫ್ರಿಜ್, ಮಿಕ್ಸಿ ರಿಪೇರಿ ಮಾಡುವವರನ್ನೂ ಒಂದು ಮಾತು ಕೇಳಿ. ಯಾವ ಮೆಷಿನ್ನಿನ ಪಾರ್ಟ್ ಸುಲಭವಾಗಿ ಸಿಗುತ್ತದೆ ಅನ್ನುವುದು ಶೋರೂಮಿನವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಆನ್‌ಲೈನ್‌ನಲ್ಲಿ ಎರಡು ಸಾವಿರ ಕಮ್ಮಿ ಇದೆ. ಅಲ್ಲೇ ತರಿಸಲಾ?

ತರಿಸಬಹುದು. ಆದರೆ ಆ ರೇಟನ್ನು ಮೊಬೈಲ್‌ನಲ್ಲಿ ತೋರಿಸಿ ಊರಿನ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ಹತ್ತಿರ ಹತ್ತಿರ ಬರುತ್ತಾರೆ. ಎರಡನೇ ಮಹಡಿಗೆ ಹೊತ್ತು ತರುವುದು, ಇನ್‌ಸ್ಟಾಲೇಷನ್, ನಲ್ಲಿಯ ಅಡಾಪ್ಟರ್, ಹಳೇ ಮೆಷಿನ್ ಎಕ್ಸ್‌ಚೇಂಜ್ ಇದೆಲ್ಲ ಸೇರಿ ಲೆಕ್ಕ ಹಾಕಿ. ಎಲ್ಲೇ ಕೊಂಡರೂ ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಮೂಲೆ ನುಗ್ಗಾಗಿದ್ದರೆ ಆಗಲೇ ಹೇಳಬೇಕು.

ಜಿಎಸ್‌ಟಿ ಇಳಿಸಿದ್ದಾರಲ್ಲ, ವಾಷಿಂಗ್ ಮೆಷಿನ್ ರೇಟೂ ಇಳಿದಿದೆಯಾ?

ಇಲ್ಲ. ವಾಷಿಂಗ್ ಮೆಷಿನ್‌ಗೆ 2018ರ ಜುಲೈನಲ್ಲೇ ಶೇ 28ರಿಂದ 18ಕ್ಕೆ ಇಳಿದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಇಳಿದದ್ದು ಎಸಿ, ದೊಡ್ಡ ಟಿವಿ, ಪಾತ್ರೆ ತೊಳೆಯುವ ಮೆಷಿನ್ ಇಂಥವುಕ್ಕೆ. "ಜಿಎಸ್‌ಟಿ ಆಫರ್" ಬೋರ್ಡ್ ನೋಡಿ ವಾಷಿಂಗ್ ಮೆಷಿನ್‌ಗೆ ಓಡಬೇಡಿ. ದಸರಾ, ದೀಪಾವಳಿ, ಯುಗಾದಿ ಹೊತ್ತಿನ ರಿಯಾಯಿತಿ ನಿಜವಾಗಿಯೂ ಇರುತ್ತದೆ. ಆದರೆ ಹೋದ ವರ್ಷದ ಮಾಡೆಲ್ ಖಾಲಿ ಮಾಡುವಾಗ ಸಿಗುವ ರೇಟು ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿರುತ್ತದೆ.

## ನೀರಿನ ಸಮಾಚಾರ

ನಮ್ಮದು ಬೋರ್ ನೀರು. ಫ್ರಂಟ್ ಲೋಡ್ ತಂದ್ರೆ ಎರಡೇ ವರ್ಷಕ್ಕೆ ಹೋಗುತ್ತಂತೆ, ಹೌದೇನ್ರೀ?

ನೋಡಿಕೊಳ್ಳದಿದ್ದರೆ ಹೋಗುತ್ತದೆ. ದಾವಣಗೆರೆ ಸಿಟಿಗೆ ತುಂಗಭದ್ರಾ ನದಿಯಿಂದಲೂ ಭದ್ರಾ ನಾಲೆ ನೀರು ತುಂಬುವ ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದಲೂ ನೀರು ಬರುತ್ತದೆ. ಚಿತ್ರದುರ್ಗಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದ ನೀರು. ಇದೆಲ್ಲ ಬೋರ್ ನೀರಿಗಿಂತ ಮೆದು. ತೊಂದರೆ ಇರುವುದು ಹೊಸ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ, ಚಳ್ಳಕೆರೆ–ಹಿರಿಯೂರು ಕಡೆಯ ಆಳದ ಬೋರ್‌ಗಳಲ್ಲಿ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತದೆ. ನೀರು ಕಾದಾಗ ಅದು ಹೊರಬಿದ್ದು ಬಿಸಿಯಾದ ಜಾಗಕ್ಕೇ ಅಂಟುತ್ತದೆ. ಗೀಸರ್ ಕಾಯಿಲ್ ಬಿಚ್ಚಿದಾಗ ಬಿಳಿ ಗಾರೆ ಮೆತ್ತಿದ ಹಾಗೆ ಕಾಣುವುದು ಅದೇ. ಫ್ರಂಟ್ ಲೋಡ್‌ನ ಹೀಟರ್‌ಗೂ ಇದೇ ಗತಿ. ಪದರ ದಪ್ಪ ಆದಷ್ಟೂ ಬಿಸಿ ನೀರಿಗೆ ದಾಟುವುದಿಲ್ಲ, ಕರೆಂಟು ಜಾಸ್ತಿ ತಿನ್ನುತ್ತದೆ, ಕೊನೆಗೆ ಹೀಟರ್ ಸುಡುತ್ತದೆ.

ಇದರಲ್ಲೇ ಉಪಾಯವೂ ಇದೆ. ತಣ್ಣೀರಿನಲ್ಲೇ ಒಗೆದರೆ ಹೀಟರ್ ಮೇಲೆ ಪದರ ಕಟ್ಟುವುದಿಲ್ಲ. ನಮ್ಮ ದಿನಬಳಕೆಯ ಬಟ್ಟೆಗೆ ಬಿಸಿನೀರು ಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ ಮಾತ್ರ ಡ್ರಮ್ ಕ್ಲೀನ್ ಪ್ರೋಗ್ರಾಂ ಹಾಕಿ, ಖಾಲಿ ಡ್ರಮ್‌ಗೆ ಡಿಸ್ಕೇಲಿಂಗ್ ಪೌಡರ್ (ಸುಣ್ಣದ ಪದರ ಕರಗಿಸುವ ಪುಡಿ) ಸುರಿದು ಓಡಿಸಿ.

ಇನ್ನು ನಲ್ಲಿಗೆ ಹಾಕುವ ಫಿಲ್ಟರ್. ಒಳಗೆ ಬಿಳಿ ಹರಳು ಇರುವ ಸಣ್ಣದು ಪಾಲಿಫಾಸ್ಫೇಟ್. ಅದು ಗಡಸುತನ ತೆಗೆಯುವುದಿಲ್ಲ, ಸುಣ್ಣ ಅಂಟದ ಹಾಗೆ ತಡೆಯುತ್ತದೆ ಅಷ್ಟೇ. ಹರಳು ಕರಗಿದ ಮೇಲೆ ಮತ್ತೆ ತುಂಬಬೇಕು. ಬಹಳ ಜನ ಒಮ್ಮೆ ಹಾಕಿಸಿ ಮರೆತೇ ಬಿಡುತ್ತಾರೆ. ನಿಜವಾಗಿ ನೀರನ್ನು ಮೆದು ಮಾಡುವುದು ರೆಸಿನ್ ಇರುವ ಸಾಫ್ಟ್‌ನರ್. ಅದಕ್ಕೆ ಆಗಾಗ ಉಪ್ಪು ಹಾಕಿ ತೊಳೆಯಬೇಕು, ಬೆಲೆಯೂ ಹೆಚ್ಚು. ಗೀಸರ್, ಸೋಲಾರ್, ನಲ್ಲಿ ಎಲ್ಲವೂ ಬೆಳ್ಳಗಾಗುತ್ತಿದ್ದರೆ ಇಡೀ ಮನೆಗೆ ಅದನ್ನೇ ಹಾಕಿಸಿ.

ಆರ್‌ಓದವರು ಬಂದು ಟಿಡಿಎಸ್ 900 ಇದೆ ಅಂದ್ರು. ಹಾಗಾದ್ರೆ ಗಡಸು ಅಂತಾನಾ?

ಅಷ್ಟರಿಂದಲೇ ಹೇಳಲಾಗದು. ಟಿಡಿಎಸ್ ಅಂದರೆ ಕರಗಿದ ಎಲ್ಲ ಲವಣಗಳ ಲೆಕ್ಕ. ಅದರಲ್ಲಿ ಬಟ್ಟೆಗೆ ತೊಂದರೆ ಕೊಡದ ಸೋಡಿಯಂ ಕೂಡ ಸೇರಿರುತ್ತದೆ. ನಿಮಗೆ ಬೇಕಾದದ್ದು ಹಾರ್ಡ್‌ನೆಸ್, ಅಂದರೆ ಗಡಸುತನದ ಲೆಕ್ಕ. ಕುಡಿಯುವ ನೀರಿಗೆ ಬಿಐಎಸ್ (ಗುಣಮಟ್ಟ ಗೊತ್ತುಮಾಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪುವ ಹಾರ್ಡ್‌ನೆಸ್ ಲೀಟರ್‌ಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಮೆಷಿನ್ ವಿಷಯಕ್ಕೆ ಬಂದರೆ 300 ದಾಟಿತು ಅಂದಾಗ ಎಚ್ಚರ ಆಗಿ.

ಮನೆಯಲ್ಲೇ ನೋಡಬೇಕಾ? ಎರಡು ಒಂದೇ ಥರದ ಬಾಟಲಿ ತಗೊಳ್ಳಿ. ಒಂದಕ್ಕೆ ಆರ್‌ಓ ನೀರು, ಇನ್ನೊಂದಕ್ಕೆ ಬೋರ್ ನೀರು, ಎರಡೂ ಅರ್ಧ ಬಾಟಲಿ. ಮೈಸೋಪನ್ನು ತುರಿದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಿ. ಬಟ್ಟೆ ಪುಡಿ ಬೇಡ, ಅದರಲ್ಲಿ ಗಡಸುತನ ತಡೆಯುವ ಪದಾರ್ಥ ಮೊದಲೇ ಸೇರಿರುತ್ತದೆ. ಆರ್‌ಓ ಬಾಟಲಿಯಲ್ಲಿ ನೊರೆ ಕುತ್ತಿಗೆವರೆಗೆ ಏರಿ ನಿಲ್ಲುತ್ತದೆ. ಬೋರ್ ಬಾಟಲಿಯಲ್ಲಿ ನೊರೆ ಏಳದೆ ನೀರು ಮಜ್ಜಿಗೆಯಂತೆ ಆಗಿ, ಮೇಲೆ ಬಿಳಿ ಚೂರು ತೇಲಿದರೆ ನೀರು ಗಡಸು. ಅಂಕಿಯೇ ಬೇಕು ಅಂದರೆ ಹಾರ್ಡ್‌ನೆಸ್ ಪಟ್ಟಿಗಳು ಸಿಗುತ್ತವೆ. ಅದ್ದಿ ತೆಗೆದು ಬಣ್ಣ ಹೋಲಿಸಿದರೆ ಸಾಕು.

ಮೇಲಿನ ಮನೆ. ಟ್ಯಾಂಕ್ ತಲೆ ಮೇಲೇ ಇದೆ, ಆದ್ರೂ ಮೆಷಿನ್‌ಗೆ ನೀರು ಸಣ್ಣಗೆ ಬರುತ್ತೆ. ಯಾಕೆ?

ತಲೆ ಮೇಲೇ ಇರುವುದರಿಂದಲೇ! ಟ್ಯಾಂಕ್ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಒತ್ತಡ ಇರುತ್ತದೆ. ಒತ್ತಡವನ್ನು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ, 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಫ್ರಂಟ್ ಲೋಡ್ ಮೆಷಿನ್‌ಗಳು ಸಾಮಾನ್ಯವಾಗಿ 0.3ರಿಂದ 0.5 ಬಾರ್ ಕೇಳುತ್ತವೆ, ಅಂದರೆ 3ರಿಂದ 5 ಮೀಟರ್ ಎತ್ತರ. ಕೆಳಗಿನ ಮನೆಗೆ ಇದು ಸಲೀಸು. ಮೇಲಿನ ಮನೆಗೆ ತಾರಸಿ ಮೇಲೆ ನೇರ ಕೂರಿಸಿದ ಟ್ಯಾಂಕಿನಿಂದ ಎರಡು, ಎರಡೂವರೆ ಮೀಟರ್ ಸಿಕ್ಕರೆ ಹೆಚ್ಚು. ಮೆಷಿನ್ ನೀರಿಗಾಗಿ ಕಾದು ಕಾದು ಎರರ್ ತೋರಿಸಿ ನಿಲ್ಲುತ್ತದೆ.

ಕೊಳ್ಳುವ ಮೊದಲೇ ಬಕೆಟ್ ಇಟ್ಟು ನೋಡಿ. ಮೆಷಿನ್‌ಗೆ ಕೊಡುವ ನಲ್ಲಿಯಿಂದ ನಿಮಿಷಕ್ಕೆ 8–10 ಲೀಟರ್ ಬಂದರೆ ಚಿಂತೆ ಇಲ್ಲ. ಬರದಿದ್ದರೆ ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡ್ ಮೇಲೆ ಏರಿಸಿ, ಇಲ್ಲವೇ ಆ ಲೈನಿಗೆ ಸಣ್ಣ ಪ್ರೆಷರ್ ಪಂಪ್ ಹಾಕಿಸಿ, ಇಲ್ಲವೇ ಕಡಿಮೆ ಒತ್ತಡಕ್ಕೂ ನಡೆಯುವ ಮಾಡೆಲ್ ಕೇಳಿ. ಮೊದಲು ಚೆನ್ನಾಗಿ ಬಂದು ಈಗ ಸಣ್ಣಗಾಗಿದ್ದರೆ ಟ್ಯಾಂಕ್ ಬಿಟ್ಟು ಮೆಷಿನ್ ಹಿಂದೆ ನೋಡಿ. ನಲ್ಲಿ ಬಂದ್ ಮಾಡಿ ಪೈಪ್ ತಿರುಗಿಸಿ ತೆಗೆದರೆ ಒಳಗೆ ಬೆರಳುಗುರು ಅಷ್ಟಗಲದ ಜಾಲರಿ ಇರುತ್ತದೆ. ಇಕ್ಕಳದಿಂದ ಮೆಲ್ಲಗೆ ಎಳೆದು, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿ. ಕೆಂಪು ಮರಳು ಕಟ್ಟಿಕೊಂಡಿರುತ್ತದೆ.

ಒಂದು ಸಲ ಒಗೆಯೋಕೆ ಎಷ್ಟು ನೀರು ಬೇಕು?

7 ಕೆಜಿಯ ಫ್ರಂಟ್ ಲೋಡ್‌ಗೆ ಸುಮಾರು 45ರಿಂದ 70 ಲೀಟರ್. ಅದೇ ಅಳತೆಯ ಟಾಪ್ ಲೋಡ್‌ಗೆ 100ರಿಂದ 150. ಸೆಮಿ ನಿಮ್ಮ ಕೈಯಲ್ಲಿದೆ. ಕೊನೆಯ ಜಾಲಾಡಿಸಿದ ನೀರಿನಲ್ಲಿ ಹೆಚ್ಚು ಕೊಳೆ ಇರುವುದಿಲ್ಲ. ಡ್ರೈನ್ ಪೈಪನ್ನು ನೀರು ತುಂಬುವ ಡ್ರಮ್‌ಗೆ ಬಿಟ್ಟುಕೊಂಡು ಅಂಗಳ, ಬಚ್ಚಲು ತೊಳೆಯಲು ಬಳಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

## ಕರೆಂಟು

ನಮಗೆ ಗೃಹಜ್ಯೋತಿ ಬರುತ್ತೆ. ಮೆಷಿನ್ ತಂದ್ರೆ ಬಿಲ್ ಕಟ್ಟಬೇಕಾಗುತ್ತಾ?

ವಾಷಿಂಗ್ ಮೆಷಿನ್ ಒಂದರಿಂದ ಬಹುಶಃ ಇಲ್ಲ, ತಣ್ಣೀರಿನಲ್ಲಿ ಒಗೆದರೆ. ಸೆಮಿ ಆಗಲಿ ಟಾಪ್ ಲೋಡ್ ಆಗಲಿ ಒಂದು ಸಲಕ್ಕೆ ಕಾಲು ಯೂನಿಟ್ ಆಸುಪಾಸು ಬಳಸುತ್ತವೆ. ತಿಂಗಳಿಗೆ 20 ಸಲ ಒಗೆದರೂ 5–6 ಯೂನಿಟ್. ಫ್ರಂಟ್ ಲೋಡ್‌ನ ಹೀಟರ್ ಸುಮಾರು 2 ಕಿಲೋವ್ಯಾಟ್. 10 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಹೆಚ್ಚುಕಮ್ಮಿ 0.4 ಯೂನಿಟ್ ಬೇಕು. ಡ್ರಮ್, ಬಟ್ಟೆ ಎಲ್ಲವೂ ಬಿಸಿಯಾಗಬೇಕಲ್ಲ, 60 ಡಿಗ್ರಿಯ ಪೂರ್ತಿ ವಾಶ್‌ಗೆ ಒಂದು ಯೂನಿಟ್ ಹಿಡಿಯಿರಿ.

ಗೃಹಜ್ಯೋತಿಯ ಲೆಕ್ಕ ಬಹಳ ಜನಕ್ಕೆ ಗೊಂದಲ. ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. 2022–23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ನಿಮ್ಮ ಪಾಲು. ಸರಾಸರಿ 48 ಯೂನಿಟ್ ಒಳಗಿದ್ದವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಸೇರಿಸಿದರು. ಪಾಲು ಮೀರಿ 200ರ ಒಳಗಿದ್ದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ. ಪಾಲು ಎಷ್ಟು ಅಂತ ಬೆಸ್ಕಾಂ ಬಿಲ್‌ನಲ್ಲೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಎಸಿ, ಕೂಲರ್ ಓಡಿಸಿ 190ಕ್ಕೆ ಬಂದು ನಿಲ್ಲುವ ಮನೆಗೆ ಈ ಮಾತು ಮುಖ್ಯ.

ಸ್ಟಾರ್ ಜಾಸ್ತಿ ಇದ್ರೆ ಒಳ್ಳೇದಲ್ವಾ?

ಹೌದು, ಒಂದೇ ಜಾತಿಯ ಮೆಷಿನ್‌ಗಳ ನಡುವೆ. ಸೆಮಿಯ 5 ಸ್ಟಾರನ್ನು ಫ್ರಂಟ್ ಲೋಡ್‌ನ 5 ಸ್ಟಾರ್ ಪಕ್ಕ ಇಟ್ಟು ನೋಡಬೇಡಿ.

ಕರೆಂಟ್ ಹೋಗಿ ಬರ್ತಾ ಇರುತ್ತೆ. ಸ್ಟೆಬಿಲೈಜರ್ ಬೇಕಾ? ಯುಪಿಎಸ್‌ನಲ್ಲಿ ಓಡುತ್ತಾ?

ಮನೆಯ ಯುಪಿಎಸ್‌ಗೆ ಜೋಡಿಸಬೇಡಿ, ಫ್ರಂಟ್ ಲೋಡ್ ಅಂತೂ ಮುಟ್ಟಲೇಬೇಡಿ. ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುವ ಸೌಲಭ್ಯ ಈಗ ಹೆಚ್ಚಿನ ಮಾಡೆಲ್‌ಗಳಲ್ಲಿದೆ, ಕೇಳಿ ತಗೊಳ್ಳಿ. ಸ್ಟೆಬಿಲೈಜರ್ ವಿಷಯಕ್ಕೆ, ಮೆಷಿನ್ ತಡೆಯುವ ವೋಲ್ಟೇಜ್ ಎಷ್ಟರಿಂದ ಎಷ್ಟು ಅಂತ ಅದರ ಪುಸ್ತಕದಲ್ಲಿ ನೋಡಿ. ಸಿಟಿಯೊಳಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತೋಟದ ಮನೆ, ಲೈನಿನ ಕೊನೆಯ ಮನೆ, ಪಂಪ್‌ಸೆಟ್ ಶುರುವಾದಾಗ ಬಲ್ಬ್ ಮಂಕಾಗುವ ಮನೆ ಆದರೆ ಹಾಕಿಸಿ. ಕೆಡುವುದು ಮೋಟರ್‌ಗಿಂತ ಮೊದಲು ಪಿಸಿಬಿ, ಅಂದರೆ ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ಅದರ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ.

ಮೆಷಿನ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಏನ್ಮಾಡೋದು?

ಪ್ಲಗ್ ತೆಗೆದುಬಿಡಿ, ಎಲೆಕ್ಟ್ರಿಷಿಯನ್ ಬರುವವರೆಗೆ ಮತ್ತೆ ಹಾಕಬೇಡಿ. ಚಪ್ಪಲಿ ಹಾಕಿಕೊಂಡು ಒಗೆಯುವುದು ಪರಿಹಾರ ಅಲ್ಲ. ಅರ್ಥಿಂಗ್ ಇಲ್ಲದಿದ್ದರೂ ಹೀಗಾಗುತ್ತದೆ, ಇದ್ದದ್ದು ಸತ್ತಿದ್ದರೂ ಆಗುತ್ತದೆ. ಮಳೆ ಕಡಿಮೆ ಇರುವ ನಮ್ಮ ಕಲ್ಲು ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗುತ್ತದೆ. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಗುಂಡಿಗೆ ಆಗಾಗ ನೀರು ಹಾಕುತ್ತಿರಿ, ಜೊತೆಗೆ ಮೀಟರ್ ಬೋರ್ಡ್‌ನಲ್ಲಿ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಗೋಡೆಯಿಂದ ನೇರ ಪ್ಲಗ್.

## ಯಾವ ಬಟ್ಟೆ, ಯಾವ ಪುಡಿ

ಕೌದಿ, ಕಂಬಳಿ ಎಲ್ಲಾ ಹಾಕಬಹುದಾ?

ಕೌದಿಯಲ್ಲಿ ಹಳೇ ಸೀರೆ, ಪಂಚೆಗಳ ಎಷ್ಟು ಪದರ ಇರುತ್ತವೆ ಅಂತ ಹೊಲಿದವರಿಗೇ ಗೊತ್ತು. ಒಣಗಿದ್ದಾಗಲೇ ಮೂರು ಕೆಜಿ ತೂಗುವುದು ನೀರು ಕುಡಿದರೆ ಎರಡು ಪಟ್ಟಿಗೂ ಮೇಲೆ. ಒಂದೇ ಮುದ್ದೆಯಾಗಿ ಡ್ರಮ್‌ನ ಒಂದು ಬದಿಗೆ ಕೂತು, ಹಿಂಡುವಾಗ ಮೆಷಿನ್ ಅಲುಗಾಡುತ್ತದೆ. ಸ್ಪ್ರಿಂಗ್, ಬೇರಿಂಗ್‌ಗೆ ಪೆಟ್ಟು. ತೆಳ್ಳಗಿನ ಕೌದಿಯನ್ನು 9–10 ಕೆಜಿ ಮೆಷಿನ್‌ನಲ್ಲಿ ಒಂದೇ ಹಾಕಿ, ಕಡಿಮೆ ಸ್ಪಿನ್‌ನಲ್ಲಿ ಒಗೆಯಬಹುದು. ದಪ್ಪದ್ದನ್ನು ಕಲ್ಲಿನ ಮೇಲೇ ಒಗೆಯಿರಿ.

ಕುರಿ ಉಣ್ಣೆಯ ಕಂಬಳಿ ಬೇಡವೇ ಬೇಡ. ತಿರುವಿ ತಿಕ್ಕಿದರೆ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗಿ ಹಲಗೆಯಂತಾಗುತ್ತದೆ. ಬಿಸಿಲಿಗೆ ಹಾಕಿ ಬಡಿದರೆ ಸಾಕು. ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು "ಸಿಲ್ಕ್" ಅಂತ ಬರೆದ ಪ್ರೋಗ್ರಾಂ ಇದೆ ಅಂತ ಧೈರ್ಯ ಮಾಡಿ ಹಾಕಬೇಡಿ. ಜರಿ ಅಂಚು ಎಲ್ಲಾದರೂ ಸಿಕ್ಕಿಕೊಂಡರೆ ಎಳೆ ಕಿತ್ತು ಬರುತ್ತದೆ. ಡ್ರೈಕ್ಲೀನ್‌ಗೆ ಕೊಡಿ.

ಚನ್ನಗಿರಿ ಕಡೆ ತೋಟ ನಮ್ಮದು. ಅಡಿಕೆ ಚೊಗರಿನ ಕಲೆ ಯಾವ ಮೆಷಿನ್‌ನಲ್ಲಿ ಹೋಗುತ್ತೆ?

ಒಣಗಿ ಹಳೆಯದಾದ ಕಲೆ ಯಾವ ಮೆಷಿನ್‌ನಲ್ಲೂ ಪೂರ್ತಿ ಹೋಗುವುದಿಲ್ಲ. ಚೊಗರು ಅಂದರೆ ಟ್ಯಾನಿನ್, ಕಲೆ ಹಿಡಿಸುವ ಒಗರು ಪದಾರ್ಥ. ಕಬ್ಬಿಣದ ಅಂಶ ಇರುವ ಬೋರ್ ನೀರು ತಾಗಿದರೆ ಇನ್ನೂ ಕಪ್ಪಗಾಗುತ್ತದೆ. ಹಸಿ ಇರುವಾಗಲೇ ತಣ್ಣೀರಿನಲ್ಲಿ ತೊಳೆದು ಆಮೇಲೆ ಹಾಕಿ. ಸುಲಿಯುವ ಕಾಲಕ್ಕೆ ಬೇರೆ ಬಟ್ಟೆ ಇಟ್ಟುಕೊಂಡು, ಅದನ್ನು ಮನೆಯ ಬಟ್ಟೆ ಜೊತೆ ಬೆರೆಸದೆ ಒಗೆಯಿರಿ.

ಬಕೆಟ್‌ಗೆ ಹಾಕೋ ಪುಡಿನೇ ಹಾಕಿದ್ರೆ ಏನಾಗುತ್ತೆ?

ಸೆಮಿಗೆ ನಡೆಯುತ್ತದೆ. ಫ್ರಂಟ್ ಲೋಡ್‌ಗೆ ಬೇಡ. ಅಲ್ಲಿ ನೀರು ಕಮ್ಮಿ, ನೊರೆ ಉಕ್ಕಿದರೆ ಬಟ್ಟೆ ಬಡಿದುಕೊಳ್ಳುವುದಿಲ್ಲ. ಪುಡಿ ಪೂರ್ತಿ ಹೋಗದೆ ಬಟ್ಟೆ ಬಿರುಸಾಗುತ್ತದೆ, ಬಾಗಿಲ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್ ಸಂದಿಯಲ್ಲಿ ಲೋಳೆ ಕಟ್ಟಿ ವಾಸನೆ ಬರುತ್ತದೆ. ಕಮ್ಮಿ ನೊರೆ ಬರುವ, ಮೆಷಿನ್‌ಗೆಂದೇ ಮಾಡಿದ ಮ್ಯಾಟಿಕ್ ಪುಡಿ ಅಥವಾ ಲಿಕ್ವಿಡ್ ಬಳಸಿ. ಒಗೆದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದೇ ಬಿಡಿ.

## ಡ್ರೈಯರ್

ಅಂಗಡಿಯಲ್ಲಿ "ಡ್ರೈಯರ್ ಇದೆ" ಅಂದ್ರು. ಬಟ್ಟೆ ಒಣಗೇ ಬರುತ್ತಾ?

14 ಸಾವಿರದ ಮೆಷಿನ್‌ಗೆ ಹಾಗಂದರೆ ಅದು ಹಿಂಡುವುದು ಮಾತ್ರ. ಎಷ್ಟು ಜೋರು ತಿರುಗುತ್ತದೋ ಅಷ್ಟು ನೀರು ಹೋಗುತ್ತದೆ. ಟಾಪ್ ಲೋಡ್ ಸಾಮಾನ್ಯವಾಗಿ ನಿಮಿಷಕ್ಕೆ 700 ಸುತ್ತು, ಫ್ರಂಟ್ ಲೋಡ್ 1000ದಿಂದ 1400. 1400ರಲ್ಲಿ ಹಿಂಡಿದರೂ ಹತ್ತಿ ಬಟ್ಟೆಯಲ್ಲಿ ಅದರ ಒಣ ತೂಕದ ಅರ್ಧದಷ್ಟು ನೀರು ಉಳಿದಿರುತ್ತದೆ. ಬಿಸಿ ಗಾಳಿಯಿಂದ ಒಣಗಿಸುವುದು ಬೇರೆಯೇ ಮೆಷಿನ್.

ಹಾಗಾದ್ರೆ ನಮ್ಮೂರಿಗೆ ನಿಜವಾದ ಡ್ರೈಯರ್ ಬೇಕಾ?

ಹೆಚ್ಚಿನ ಮನೆಗೆ ಬೇಡ. ನಾವಿರುವುದು ಮಳೆ ಕಮ್ಮಿ ಬೀಳುವ ಬಯಲುಸೀಮೆ. ಏಪ್ರಿಲ್ ಬಿಸಿಲಿಗೆ ತಾರಸಿ ಮೇಲೆ ಹರವಿದ ಬಟ್ಟೆ ಕೆಳಗಿಳಿದು ಕಾಫಿ ಕುಡಿಯುವಷ್ಟರಲ್ಲಿ ಗರಿಗರಿ. ಚಿತ್ರದುರ್ಗದಲ್ಲಂತೂ ಗಾಳಿಗೇನೂ ಬರ ಇಲ್ಲ. ಗುಡ್ಡದ ಮೇಲೆ ಸಾಲು ಸಾಲು ಗಾಳಿ ಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಕ್ಲಿಪ್ ಹಾಕದಿದ್ದರೆ ಬಟ್ಟೆ ಪಕ್ಕದ ಮನೆಗೆ ಹೋಗುತ್ತದೆ ಅಷ್ಟೇ. ಜುಲೈ–ಆಗಸ್ಟ್‌ನ ಜಿಟಿಜಿಟಿ ಮಳೆಗೆ ಒಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕಿದರೆ ನಡೆಯುತ್ತದೆ.

ಆದರೂ ಕೆಲವರಿಗೆ ಬೇಕು. ಬಿಸಿಲು ಬೀಳದ ಬಾಡಿಗೆ ಮನೆಯವರು, ತಾರಸಿಗೆ ಹೋಗಲು ಮಾಲೀಕರು ಬಿಡದವರು, ಕೂಸಿನ ಬಟ್ಟೆ ದಿನಾ ರಾಶಿ ಬೀಳುವವರು, ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು, ಗಿರಣಿ ಬೂದಿ ಹಾರಿ ಬಿಳಿ ಬಟ್ಟೆ ಹಾಳಾಗುವವರು. ಧೂಳಿನ ಅಲರ್ಜಿ ಇದ್ದವರೂ ಕೇಳುತ್ತಾರೆ. ಇವರು ಮುಂದಿನದನ್ನು ಓದಿ.

ವೆಂಟೆಡ್, ಕಂಡೆನ್ಸರ್, ಹೀಟ್ ಪಂಪ್: ಇದರಲ್ಲಿ ಯಾವುದು?

ವೆಂಟೆಡ್ ಡ್ರೈಯರ್ ಒದ್ದೆ ಗಾಳಿಯನ್ನು ಪೈಪಿನಲ್ಲಿ ಹೊರಗೆ ಬಿಡುತ್ತದೆ. ಗೋಡೆಗೆ ತೂತು ಅಥವಾ ಕಿಟಕಿ ಬೇಕು. ಬೆಲೆ ಕಡಿಮೆ, ಕರೆಂಟ್ ಜಾಸ್ತಿ, 7 ಕೆಜಿ ಹತ್ತಿ ಬಟ್ಟೆಗೆ ಮೂರೂವರೆಯಿಂದ 4 ಯೂನಿಟ್. ಕಂಡೆನ್ಸರ್ ಗಾಳಿಯ ನೀರನ್ನು ಒಳಗಿನ ತೊಟ್ಟಿಗೆ ಇಳಿಸುತ್ತದೆ, ಅದನ್ನು ಆಗಾಗ ಚೆಲ್ಲಬೇಕು. ಕರೆಂಟ್ ಹೆಚ್ಚುಕಮ್ಮಿ ಅಷ್ಟೇ, ಮೇಲೆ ಕೋಣೆಯೂ ಕಾಯುತ್ತದೆ. ಹೀಟ್ ಪಂಪ್‌ನಲ್ಲಿ ಎಸಿಯಂತೆ ಕಂಪ್ರೆಸರ್ ಇದೆ, ಒಮ್ಮೆ ಮಾಡಿದ ಬಿಸಿಯನ್ನೇ ಮತ್ತೆ ಮತ್ತೆ ಬಳಸುತ್ತದೆ. ಒಂದೂವರೆಯಿಂದ 2 ಯೂನಿಟ್‌ಗೆ ಮುಗಿಯುತ್ತದೆ, ಬಟ್ಟೆ ಸುಡುವಷ್ಟು ಕಾಯುವುದಿಲ್ಲ. ಬೆಲೆ ಮಾತ್ರ ಏರುತ್ತದೆ, 50 ಸಾವಿರದ ಆಚೆ ಈಚೆ.

ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ವೆಂಟೆಡ್‌ನಲ್ಲಿ ಒಂದು ಸಲಕ್ಕೆ 24 ರೂಪಾಯಿ, ಹೀಟ್ ಪಂಪ್‌ನಲ್ಲಿ 12. ತಿಂಗಳಿಗೆ 5–6 ಸಲ ಬಳಸುವವರಿಗೆ ವೆಂಟೆಡ್ ಸಾಕು, ಬೆಲೆಯ ವ್ಯತ್ಯಾಸ ಎಂದೂ ಹುಟ್ಟುವುದಿಲ್ಲ. ದಿನಾ ಬಳಸುವವರು ಹೀಟ್ ಪಂಪ್ ನೋಡಿ. ವೆಂಟೆಡ್‌ನಲ್ಲಿ ದಿನಾ ಒಣಗಿಸಿದರೆ ತಿಂಗಳಿಗೆ 120 ಯೂನಿಟ್ ಆಗುತ್ತದೆ, ಗೃಹಜ್ಯೋತಿಗೆ ಅಲ್ಲಿಗೆ ನಮಸ್ಕಾರ.

ಯಾವುದೇ ಆಗಲಿ, ಪ್ರತಿ ಸಲ ಫಿಲ್ಟರ್‌ನ ನಾರು ತೆಗೆಯಿರಿ. ತುಂಬಿದರೆ ಬಟ್ಟೆ ಒಣಗುವುದಿಲ್ಲ, ಬೆಂಕಿಯ ಅಪಾಯವೂ ಇದೆ. ಎಣ್ಣೆ, ಪೆಟ್ರೋಲ್ ಬಿದ್ದ ಬಟ್ಟೆ ಒಗೆದದ್ದಾದರೂ ಒಳಗೆ ಹಾಕಬೇಡಿ.

ಒಗೆದು ಒಣಗಿಸೋದು ಒಂದೇ ಮೆಷಿನ್‌ನಲ್ಲಿ ಬರುತ್ತಲ್ಲ, ಅದು ಹೇಗೆ?

ಜಾಗ ಉಳಿಯುತ್ತದೆ, ಅದೊಂದೇ ಲಾಭ. ಡಬ್ಬದ ಮೇಲೆ 8/5 ಅಂತ ಇದ್ದರೆ 8 ಕೆಜಿ ಒಗೆಯುತ್ತದೆ, 5 ಕೆಜಿ ಮಾತ್ರ ಒಣಗಿಸುತ್ತದೆ. ಉಳಿದ 3 ಕೆಜಿ ಹೊರಗೆ ತೆಗೆಯಬೇಕು. ಪೂರ್ತಿ ಮುಗಿಯಲು 4–5 ಗಂಟೆ ಹಿಡಿಯುವುದುಂಟು. ಹಲವು ಮಾಡೆಲ್‌ಗಳು ಒಣಗಿಸುವಾಗಲೂ ಹಬೆ ತಣಿಸಲು ನೀರು ಬಳಸುತ್ತವೆ, ನೀರಿಗೆ ಪರದಾಡುವ ಊರಿನಲ್ಲಿ ಇದು ಸರಿ ಬರುವುದಿಲ್ಲ. ಒಂದು ಕೆಟ್ಟರೆ ಎರಡೂ ನಿಂತಂತೆ.

## ತಂದ ಮೇಲೆ

ಹೊಸ ಫ್ರಂಟ್ ಲೋಡ್, ಮೊದಲ ದಿನವೇ ಕುಣಿದು ಎರಡಡಿ ಮುಂದೆ ಬಂತು!

ಮೊದಲು ಹಿಂದೆ ನೋಡಿ. ಸಾಗಿಸುವಾಗ ಡ್ರಮ್ ಅಲುಗಾಡದಿರಲಿ ಅಂತ ಉದ್ದನೆಯ ಬೋಲ್ಟ್‌ಗಳು, ಸಾಮಾನ್ಯವಾಗಿ ನಾಲ್ಕು, ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಮೆಷಿನ್ನೇ ಹಾಳು. ಇನ್‌ಸ್ಟಾಲೇಷನ್‌ನವರು ಬರುವ ಮೊದಲು ಆತುರಕ್ಕೆ ಚಾಲೂ ಮಾಡಬೇಡಿ. ತೆಗೆದ ಬೋಲ್ಟ್‌ಗಳನ್ನು ಬಿಲ್ ಜೊತೆ ಎತ್ತಿಡಿ, ಮನೆ ಬದಲಿಸುವಾಗ ಮತ್ತೆ ಬೇಕು.

ಅವೆಲ್ಲ ಸರಿ ಇದ್ದರೆ ನೆಲ ನೋಡಿ. ಕಾಲುಗಳನ್ನು ತಿರುಗಿಸಿ ನಾಲ್ಕೂ ನೆಲಕ್ಕೆ ಕೂರುವ ಹಾಗೆ ಮಾಡಿ. ಗಾಲಿ ಇರುವ ಪ್ಲಾಸ್ಟಿಕ್ ಸ್ಟ್ಯಾಂಡ್ ಮೇಲೆ ಫ್ರಂಟ್ ಲೋಡ್ ಇಡುವುದು ನನಗೆ ಸರಿ ಕಾಣುವುದಿಲ್ಲ.

ಇಲಿ ವೈರ್ ಕಡಿದಿದೆ. ವಾರಂಟಿಯಲ್ಲಿ ಬರುತ್ತಾ?

ಬರುವುದಿಲ್ಲ. ಕೆಲವು ಟಾಪ್ ಲೋಡ್‌ಗಳ ಅಡಿ ತೆರೆದೇ ಇರುತ್ತದೆ. ಕೊಳ್ಳುವಾಗಲೇ ಕೆಳಗೆ ತಟ್ಟೆ ಅಥವಾ ಜಾಲರಿ ಇದೆಯಾ ಅಂತ ಬಗ್ಗಿ ನೋಡಿ, ಇಲ್ಲದಿದ್ದರೆ ಹಾಕಿಸಿ.

"ಮೋಟರ್‌ಗೆ 10 ವರ್ಷ ವಾರಂಟಿ" ಅಂತಾರೆ. ಅಂದ್ರೆ ಹತ್ತು ವರ್ಷ ಖರ್ಚಿಲ್ಲ ಅಂತಾನಾ?

ಅಲ್ಲ. ಮೋಟರ್ ಕೆಡುವುದೇ ಅಪರೂಪ. ಕೆಡುವುದು ಪಿಸಿಬಿ, ಡ್ರೈನ್ ಪಂಪ್, ನೀರು ಬಿಡುವ ವಾಲ್ವ್, ಗ್ಯಾಸ್ಕೆಟ್, ಬೇರಿಂಗ್. ಇವೆಲ್ಲ ಬರುವುದು ಮೊದಲ ಎರಡು ವರ್ಷದ ಪೂರ್ತಿ ವಾರಂಟಿಯಲ್ಲಿ ಮಾತ್ರ, ಕೆಲವು ಕಂಪನಿ ಹೆಚ್ಚು ಕೊಡುತ್ತವೆ. ಮೋಟರ್ ಉಚಿತ ಅಂದರೂ ಹಾಕುವ ಕೂಲಿ, ಬಂದ ಚಾರ್ಜು ಬೇರೆ ಇರಬಹುದು. ಡ್ರೈನ್ ಪಂಪ್‌ಗೆ ಶತ್ರು ಜೇಬಿನ ನಾಣ್ಯ, ಪಿನ್ನು, ಅಡಿಕೆ ಚೂರು.

ನಿಮ್ಮದು ಗಡಸು ನೀರಾಗಿದ್ದು ಫ್ರಂಟ್ ಲೋಡ್ ತಂದಿದ್ದರೆ ಕಂಪನಿಯದೇ ವಿಸ್ತರಿತ ವಾರಂಟಿಗೆ ಹಾಕಿದ ದುಡ್ಡು ನಷ್ಟ ಅಲ್ಲ. ಮೆದು ನೀರಿನ ಟಾಪ್ ಲೋಡ್‌ಗೆ ನಾನಾದರೆ ಹಾಕುವುದಿಲ್ಲ.

ಏಳು ವರ್ಷದ ಮೆಷಿನ್, ಬೇರಿಂಗ್ ಹೋಗಿದೆ ಅಂತಾರೆ. ರಿಪೇರಿನಾ, ಹೊಸದಾ?

ಹಿಂಡುವಾಗ ವಿಮಾನ ಹಾರುವಂತೆ ಗುಂಯ್ ಅಂದರೆ ಬೇರಿಂಗ್ ಇರಬೇಕು. ಹೊರಗಿನ ಟಬ್ ಎರಡು ಭಾಗ ಮಾಡಿ ಬೋಲ್ಟ್ ಹಾಕಿದ್ದರೆ ಬಿಚ್ಚಿ ಬೇರಿಂಗ್, ಸೀಲ್ ಬದಲಿಸಬಹುದು. ಬೆಸೆದು ಮುಚ್ಚಿದ ಟಬ್ ಆದರೆ ಇಡೀ ಟಬ್ ಬದಲಿಸು ಅನ್ನುತ್ತಾರೆ. ಬಿಚ್ಚಿದಾಗ ಡ್ರಮ್ ಹಿಂದಿನ ಮೂರು ಕಾಲಿನ ಅಲ್ಯೂಮಿನಿಯಂ ತುಂಡನ್ನೂ ತೋರಿಸಲು ಹೇಳಿ. ಅದು ತಿಂದುಹೋಗಿ ಪುಡಿಯಾಗುತ್ತಿದ್ದರೆ ಬರೀ ಬೇರಿಂಗ್ ಹಾಕಿ ಲಾಭ ಇಲ್ಲ. ಒಟ್ಟು ಖರ್ಚು ಹೊಸದರ ಮೂರನೇ ಒಂದು ಪಾಲಿನೊಳಗೆ ಇದ್ದರೆ ಮಾಡಿಸಿ. ದಾಟಿದರೆ ಎಕ್ಸ್‌ಚೇಂಜ್‌ಗೆ ಹಾಕಿ.

ವಾರಂಟಿ ಇದ್ದರೂ ನಾಳೆ ಬಾ, ನಾಡಿದ್ದು ಬಾ ಅಂತ ಸತಾಯಿಸ್ತಾರೆ. ಯಾರಿಗೆ ಹೇಳೋದು?

ಫೋನ್‌ನಲ್ಲಿ ಜಗಳ ಆಡಿ ಉಪಯೋಗ ಇಲ್ಲ. ಪ್ರತಿ ಕಂಪ್ಲೇಂಟ್‌ನ ನಂಬರ್ ಬರೆದಿಟ್ಟುಕೊಳ್ಳಿ. ಟೆಕ್ನಿಷಿಯನ್ ಬಂದು ಹೋದ ದಿನ, ಅವರು ಕೊಟ್ಟ ಚೀಟಿ, ಮೆಷಿನ್ ತೋರಿಸುವ ಎರರ್‌ನ ಫೋಟೋ ಎಲ್ಲ ಒಂದು ಕಡೆ ಇರಲಿ. ಕಂಪನಿಗೆ ಇಮೇಲ್ ಮಾಡಿ. ಆಮೇಲೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಂದ ಕಂಪನಿಗೆ ದೂರು ಹೋದ ಮೇಲೆ ಎಷ್ಟೋ ಪ್ರಕರಣ ಅಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಅರ್ಜಿ ಕೊಡಬೇಕು. ಬಿಲ್ ಇಲ್ಲದೆ ಏನೂ ನಡೆಯುವುದಿಲ್ಲ. ಶಾಯಿ ಅಳಿಸಿ ಹೋಗುವ ಥರದ ಬಿಲ್ ಕೊಟ್ಟಿದ್ದರೆ ಇವತ್ತೇ ಒಂದು ಫೋಟೋ ತೆಗೆದಿಡಿ.